ಕಪ್ಪು-ಬಿಳುಪು ಪ್ರಿಂಟು: ಇಂಕು ಮೊದಲೋ, ಪೇಪರ್ ಮೊದಲೋ?

ಪ್ರಶ್ನೆ: ಹಳೆಯ ಫಿಲ್ಮ್ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಮನೆಯಲ್ಲೇ ಕಪ್ಪು-ಬಿಳುಪು ಪ್ರಿಂಟ್ ತೆಗೆಯುತ್ತಿದ್ದೇನೆ. ನನ್ನದು ಆರು ಬಣ್ಣದ ಡೈ ಇಂಕ್‌ಜೆಟ್ ಪ್ರಿಂಟರ್. ಗ್ಲಾಸಿ ಪೇಪರಿನಲ್ಲಿ ಕಪ್ಪು ಗಾಢವಾಗಿ ಬರುತ್ತದೆ, ಆದರೆ ಬೂದು ಭಾಗಗಳು ಹಗಲಲ್ಲಿ ಹಸಿರು ಛಾಯೆ, ರಾತ್ರಿ ದೀಪದಡಿ ಕೆಂಪು ಛಾಯೆ ತೋರಿಸುತ್ತವೆ. ದುಡ್ಡು ಸುರಿದು ಕಾಟನ್ ಮ್ಯಾಟ್ ಪೇಪರ್ ತಂದೆ; ಅದರಲ್ಲಿ ಕಪ್ಪು ಬೂದಿ ಬಳಿದ ಹಾಗೆ ಸಪ್ಪೆ. ಪಿಗ್ಮೆಂಟ್ ಪ್ರಿಂಟರ್ ಕೊಳ್ಳಲೇಬೇಕೆ? ಯಾವ ಪೇಪರ್ ಸರಿ? ಮೇಲೆ ವಾರ್ನಿಶ್ ಸ್ಪ್ರೇ ಹೊಡೆದರೆ ಕಪ್ಪು ಸುಧಾರಿಸುತ್ತದೆಯೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸ್ಪ್ರೇ ಡಬ್ಬಿಯನ್ನು ಸದ್ಯಕ್ಕೆ ಕೊಳ್ಳಬೇಡಿ. ಪ್ರಿಂಟರ್ ಬದಲಿಸುವ ಯೋಚನೆಯನ್ನೂ ಸ್ವಲ್ಪ ಮುಂದಕ್ಕೆ ಹಾಕಿ. ನಿಮ್ಮ ಎರಡು ತೊಂದರೆಗಳಿಗೆ ಕಾರಣ ಬೇರೆ ಬೇರೆ. ಬೂದು ಬಣ್ಣ ಹಸಿರು-ಕೆಂಪು ಆಡುವುದು ಇಂಕಿನ ಸಮಸ್ಯೆ. ಮ್ಯಾಟ್ ಪೇಪರಿನಲ್ಲಿ ಕಪ್ಪು ಸಪ್ಪೆಯಾಗುವುದು ಇಂಕಿಗೂ ಪೇಪರಿನ ಮೇಲಿನ ಲೇಪನಕ್ಕೂ ಹೊಂದಾಣಿಕೆ ಇಲ್ಲದ್ದರ ಸಮಸ್ಯೆ. ಎರಡನ್ನೂ ಒಂದೇ ಖರೀದಿಯಲ್ಲಿ ಸರಿಮಾಡಲು ಹೊರಟವರು ಸಾಮಾನ್ಯವಾಗಿ ಹೆಚ್ಚು ಖರ್ಚು ಮಾಡುತ್ತಾರೆ. ನನ್ನ ಕ್ರಮ ಇದು: ಮೊದಲು ಪೇಪರಿನ ಮೇಲ್ಮೈ, ಆಮೇಲೆ ಅದಕ್ಕೆ ಒಗ್ಗುವ ಇಂಕು, ಮೇಲಿನ ಸ್ಪ್ರೇ ಕೊನೆಗೆ, ಅದೂ ಬೇಕಿದ್ದರೆ.

ಮ್ಯಾಟ್ ಪೇಪರಿನ ಕಪ್ಪಿನ ವಿಚಾರ ಮೊದಲು ನೋಡೋಣ. ಕಪ್ಪು ಎಷ್ಟು ಗಾಢ ಎನ್ನುವುದನ್ನು ಸಾಂದ್ರತೆಯಲ್ಲಿ ಅಳೆಯುತ್ತಾರೆ. ಅತಿ ಗಾಢ ಕಪ್ಪಿನ ಅಳತೆಗೆ ಡಿಮ್ಯಾಕ್ಸ್ ಎಂದು ಹೆಸರು. ಒಳ್ಳೆಯ ಮ್ಯಾಟ್ ಕಾಟನ್ ಪೇಪರಿನಲ್ಲಿ ಸರಿಯಾದ ಇಂಕು ಹಾಕಿದರೆ ಡಿಮ್ಯಾಕ್ಸ್ 1.6ರ ಆಸುಪಾಸಿನಲ್ಲಿ ಬರುತ್ತದೆ. ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 2.5 ಶೇಕಡಾ ವಾಪಸ್ ಬರುತ್ತದೆ. ಗ್ಲಾಸಿ ಅಥವಾ ಬರೈಟಾ (ಬೇರಿಯಂ ಸಲ್ಫೇಟಿನ ಪದರವಿರುವ, ಹೊಳಪಿನ) ಪೇಪರಿನಲ್ಲಿ 2.3 ದಾಟುವುದು ಕಷ್ಟವಲ್ಲ. ಅಲ್ಲಿ ವಾಪಸ್ ಬರುವುದು ಅರ್ಧ ಶೇಕಡಾ ಮಾತ್ರ. ಐದು ಪಟ್ಟು ವ್ಯತ್ಯಾಸ! ಇದಕ್ಕೆ ಕಾರಣ ಮೇಲ್ಮೈಯ ಒರಟುತನ. ನುಣುಪಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಆ ದಿಕ್ಕಿನಿಂದ ಕಣ್ಣು ಸರಿಸಿದರೆ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಒರಟು ಮೇಲ್ಮೈ ಎಲ್ಲ ಕಡೆಗೂ ಚದುರಿಸುವುದರಿಂದ ಎಲ್ಲಿ ನಿಂತರೂ ಆ ಕಪ್ಪಿನ ಮೇಲೆ ತೆಳುವಾದ ಬಿಳಿ ಮಂಜು ಇದ್ದೇ ಇರುತ್ತದೆ. ಒಣಗಿದ ಕಲ್ಲು ನೀರು ಬಿದ್ದೊಡನೆ ಕಪ್ಪಾಗಿ ಕಾಣುವುದು ಇದೇ ಲೆಕ್ಕದಿಂದ. ಹಾಗಾಗಿ ಮ್ಯಾಟ್ ಪೇಪರಿನಿಂದ ಗ್ಲಾಸಿಯ ಕಪ್ಪನ್ನು ನಿರೀಕ್ಷಿಸುವುದೇ ತಪ್ಪು. ಆದರೆ ನೀವು ಬರೆದಿರುವಂತೆ ‘ಬೂದಿ ಬಳಿದ ಹಾಗೆ’ ಇದ್ದರೆ 1.6 ಕೂಡ ಬಂದಿಲ್ಲ, ಬಹುಶಃ 1.2 ಅಥವಾ 1.3ರಲ್ಲೇ ನಿಂತಿದೆ.

ಅದಕ್ಕೆ ಮೂರು ಕಾರಣ ಇರಬಹುದು, ಒಂದೊಂದಾಗಿ ತಳ್ಳಿಹಾಕುತ್ತ ಬನ್ನಿ. ಮೊದಲನೆಯದು ಕೇಳಿದರೆ ನಗು ಬರುತ್ತದೆ: ಪೇಪರಿನ ಉಲ್ಟಾ ಬದಿಗೆ ಪ್ರಿಂಟ್ ಮಾಡಿರುವುದು. ಕಾಟನ್ ಪೇಪರುಗಳಲ್ಲಿ ಹಲವಕ್ಕೆ ಒಂದು ಬದಿಗೆ ಮಾತ್ರ ಲೇಪನ ಇರುತ್ತದೆ, ಮತ್ತೊಂದು ಬದಿ ಕಣ್ಣಿಗೆ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಬೆರಳ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಹಾಳೆಯ ಮೂಲೆಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಬಿಡಿ. ಯಾವ ಬದಿ ಬೆರಳಿಗೆ ಅಂಟಿಕೊಳ್ಳುತ್ತದೋ ಅದು ಲೇಪನದ ಬದಿ. ಎರಡೂ ಬದಿ ಅಂಟದಿದ್ದರೆ ನೀವು ತಂದಿರುವುದು ಇಂಕ್‌ಜೆಟ್ ಪೇಪರೇ ಅಲ್ಲ, ಚಿತ್ರ ಬರೆಯುವ ಜಲವರ್ಣದ ಹಾಳೆ ಇರಬಹುದು. ಲೇಪನವಿಲ್ಲದ ಹತ್ತಿಯ ನಾರು ಇಂಕನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಮೇಲೆ ಉಳಿಯುವುದು ಬೂದಿಯೇ.

ಎರಡನೆಯದು ಡ್ರೈವರಿನಲ್ಲಿ, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶದಲ್ಲಿ, ಮೀಡಿಯಾ ಟೈಪ್ (ಪೇಪರಿನ ಬಗೆ) ತಪ್ಪಾಗಿ ಆರಿಸುವುದು. ಅದು ಬರೀ ಹೆಸರಲ್ಲ. ಎಷ್ಟು ಇಂಕು ಸುರಿಸಬೇಕು, ಯಾವ ಕಪ್ಪು ಬಳಸಬೇಕು, ಇಂಕು ಚಿಮ್ಮುವ ಹೆಡ್ ಎಷ್ಟು ಎತ್ತರದಲ್ಲಿ ಓಡಬೇಕು ಎಲ್ಲವನ್ನೂ ಆ ಒಂದು ಆಯ್ಕೆ ತೀರ್ಮಾನಿಸುತ್ತದೆ. ‘ಪ್ಲೇನ್ ಪೇಪರ್’ ಎಂದು ಬಿಟ್ಟರೆ ಇಂಕು ಕಡಿಮೆ ಬೀಳುತ್ತದೆ. ಗ್ಲಾಸಿ ಎಂದು ಆರಿಸಿ ಮ್ಯಾಟ್ ಹಾಕಿದರೆ ಲೇಪನ ಹೀರಲಾರದಷ್ಟು ಬೀಳಬಹುದು. ಆಗ ವಿಚಿತ್ರ ಒಂದು ನಡೆಯುತ್ತದೆ: 95 ಶೇಕಡಾ ಕಪ್ಪಿಗಿಂತ 100 ಶೇಕಡಾ ಕಪ್ಪು ತೆಳುವಾಗಿ ಕಾಣುತ್ತದೆ. ಇಂಕು ಹೆಚ್ಚಾದಷ್ಟೂ ಕಪ್ಪು ಹೆಚ್ಚುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

ಮೂರನೆಯದು ನಿಮ್ಮ ಡೈ ಇಂಕೇ. ಡೈ ಎಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ಅದು ಲೇಪನದೊಳಗೆ ಇಳಿಯುತ್ತದೆ. ಗ್ಲಾಸಿಯಲ್ಲಿ ಲೇಪನ ಪಾರದರ್ಶಕ ಮತ್ತು ನುಣುಪು, ಆದ್ದರಿಂದ ಇಳಿದರೂ ಬಣ್ಣ ಹೊಳೆಯುತ್ತದೆ. ಮ್ಯಾಟ್ ಲೇಪನದಲ್ಲಿ ಸಿಲಿಕಾದ ದಪ್ಪ ಕಣಗಳು ಬೆಳಕನ್ನು ಚದುರಿಸುತ್ತವೆ. ಡೈ ಅವುಗಳ ಸಂದಿಗೆ ಇಳಿದುಹೋದರೆ ಕಪ್ಪಿನ ಮೇಲೆ ಬಿಳಿ ಕಣಗಳೇ ಕುಳಿತ ಹಾಗೆ. ಪಿಗ್ಮೆಂಟ್ ಹಾಗಲ್ಲ. ಅದು ಕರಗದ ಸೂಕ್ಷ್ಮ ಕಣ, ಹೆಚ್ಚಿನ ಪಾಲು ಮೇಲೆಯೇ ನಿಲ್ಲುತ್ತದೆ. ಅದಕ್ಕೇ ಮ್ಯಾಟ್ ಪೇಪರಿನ ಮೇಲೆ ಮನಸ್ಸಿದ್ದವರಿಗೆ ಪಿಗ್ಮೆಂಟ್ ಬೇಕೇ ಬೇಕು ಎನ್ನುತ್ತೇನೆ. ಗ್ಲಾಸಿಯಲ್ಲೇ ಇರುತ್ತೇನೆ ಅನ್ನುವವರಿಗೆ ಇಷ್ಟು ಕಟ್ಟುನಿಟ್ಟಾಗಿ ಹೇಳಲಾರೆ.

ಇಲ್ಲಿ ಇನ್ನೊಂದು ವಿಷಯ ಗೊತ್ತಿರಲಿ. ಪಿಗ್ಮೆಂಟ್ ಪ್ರಿಂಟರುಗಳಲ್ಲಿ ಕಪ್ಪು ಇಂಕು ಎರಡು ಬಗೆಯದು: ಫೋಟೋ ಬ್ಲ್ಯಾಕ್ ಮತ್ತು ಮ್ಯಾಟ್ ಬ್ಲ್ಯಾಕ್. ಮೊದಲನೆಯದರ ಕಣಗಳು ರಾಳದ ತೆಳುಪೊರೆಯಲ್ಲಿ ಸುತ್ತಿದಂತಿದ್ದು ಗ್ಲಾಸಿ ಮೇಲೆ ಚೆನ್ನಾಗಿ ಹಿಡಿಯುತ್ತವೆ. ಎರಡನೆಯದು ಮ್ಯಾಟ್ ಮೇಲೆ ಗಾಢವಾಗಿ ನಿಲ್ಲುತ್ತದೆ, ಗ್ಲಾಸಿ ಮೇಲೆ ಹಾಕಿದರೆ ಮಸಿಯಂತೆ ಕೈಗೆ ಬರುತ್ತದೆ. ಹಿಂದಿನ ಹಲವು ಮಾದರಿಗಳಲ್ಲಿ ಇವೆರಡಕ್ಕೂ ಒಂದೇ ನಾಝಲ್ (ಇಂಕು ಚಿಮ್ಮುವ ರಂಧ್ರ) ಸಾಲು ಇರುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗಲೆಲ್ಲ ಕೊಳವೆ ತೊಳೆಯಲು ಇಂಕು ಪೋಲಾಗುತ್ತಿತ್ತು. ಸೆಕೆಂಡ್‌ ಹ್ಯಾಂಡ್ ಪ್ರಿಂಟರ್ ನೋಡುವಾಗ ಇದನ್ನು ಮೊದಲು ವಿಚಾರಿಸಿ. 2020ರಲ್ಲಿ ಬಂದ ಎಪ್ಸನ್ ಪಿ700, ಪಿ900 ಮಾದರಿಗಳಲ್ಲಿ ಎರಡಕ್ಕೂ ಪ್ರತ್ಯೇಕ ಸಾಲು ಕೊಟ್ಟಿದ್ದಾರೆ. ಕ್ಯಾನನ್‌ನ ಪ್ರೊ-300, ಪ್ರೊ-1000ರಲ್ಲೂ ಈ ತಾಪತ್ರಯ ಇಲ್ಲ.

ಇನ್ನು ಹಸಿರು-ಕೆಂಪಿನ ಆಟ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಿಕ್ಕರೆ ನಿಮ್ಮ ಪ್ರಿಂಟಿನ ಒಂದು ನಡುಬೂದು ಭಾಗದ ಮೇಲೆ ಇಟ್ಟು ನೋಡಿ. ಅಲ್ಲಿ ಬೂದು ಎಂಬ ಬಣ್ಣವೇ ಇರುವುದಿಲ್ಲ. ತಿಳಿನೀಲಿ, ತಿಳಿಗುಲಾಬಿ, ಹಳದಿ ಚುಕ್ಕೆಗಳು ಒತ್ತೊತ್ತಾಗಿ ಕುಳಿತಿರುತ್ತವೆ, ನಡುನಡುವೆ ಎಲ್ಲೋ ಒಂದು ಕಪ್ಪು ಚುಕ್ಕೆ. ನಿಮ್ಮಂಥ ಆರು ಬಣ್ಣದ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಬೂದು ಇಂಕು ಇರುವುದಿಲ್ಲ. ಮೂರು ಬಣ್ಣ ಕಲಸಿ ಬೂದಿನ ಭ್ರಮೆ ಹುಟ್ಟಿಸುತ್ತದೆ. ಆ ತಕ್ಕಡಿ ಒಂದು ಬಗೆಯ ಬೆಳಕಿನಲ್ಲಿ ಮಾತ್ರ ಸಮನಾಗಿರುತ್ತದೆ. ಹಗಲ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು, ಹಳೆಯ ಕಾಲದ ತಂತಿ ಬಲ್ಬಿನಲ್ಲಿ ಕೆಂಪು ಹೆಚ್ಚು, ಅಗ್ಗದ ಎಲ್‌ಇಡಿಯಲ್ಲಿ ನಡುನಡುವೆ ತರಂಗಗಳೇ ಕೊರತೆ. ಬೆಳಕು ಬದಲಾದರೆ ತಕ್ಕಡಿ ವಾಲುತ್ತದೆ. ಈ ದೋಷವನ್ನು ಮೆಟಾಮೆರಿಸಂ ಎನ್ನುತ್ತಾರೆ. ಬಣ್ಣದ ಚಿತ್ರದಲ್ಲಿ ಇಷ್ಟೇ ವಾಲಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಮರೆಯಾಗಲು ಬೇರೆ ಬಣ್ಣವೇ ಇಲ್ಲವಲ್ಲ.

ಪರಿಹಾರ ಏನೆಂದರೆ ಬೂದನ್ನು ಬೂದು ಇಂಕಿನಿಂದಲೇ ಮಾಡುವುದು. 2005ರಲ್ಲಿ ಎಪ್ಸನ್ ಅಲ್ಟ್ರಾಕ್ರೋಮ್ ಕೆ3 ಎಂಬ ಇಂಕು ತಂದಾಗ ಕಪ್ಪಿನ ಜೊತೆಗೆ ಎರಡು ಹಂತದ ಬೂದು ಸೇರಿಸಿತು, ಕಪ್ಪು-ಬಿಳುಪಿಗೆಂದೇ ಒಂದು ಪ್ರತ್ಯೇಕ ಡ್ರೈವರ್ ವಿಧಾನವನ್ನೂ ಕೊಟ್ಟಿತು. ಮನೆಯಲ್ಲಿ ಪ್ರಿಂಟ್ ಮಾಡುವವರಿಗೆ ಅದು ದೊಡ್ಡ ತಿರುವು. ಆ ವಿಧಾನದಲ್ಲಿ ಚಿತ್ರದ ಹೆಚ್ಚಿನ ಭಾಗ ಕಪ್ಪು ಮತ್ತು ಬೂದು ಇಂಕಿನಿಂದಲೇ ಬರುತ್ತದೆ. ಛಾಯೆಯನ್ನು ತಟಸ್ಥ ಮಾಡಲು ಬಣ್ಣ ಚಿಟಿಕೆಯಷ್ಟು ಮಾತ್ರ. ಚಿಟಿಕೆಯಷ್ಟಾದರೂ ಯಾಕೆ ಬೇಕು? ಈ ಇಂಕುಗಳ ಜೀವಾಳ ಕಾರ್ಬನ್, ಅದರ ಸಹಜ ಛಾಯೆ ಸ್ವಲ್ಪ ಕಂದು. ತೆಳುವಾಗಿ ಹಾಕಿದಷ್ಟೂ ಕಂದು ಎದ್ದು ಕಾಣುತ್ತದೆ. ಬೆಳಕಿಗೆ ಕಾರ್ಬನ್ ಬೇಗ ಬಗ್ಗುವುದಿಲ್ಲ, ಜೊತೆಗೆ ಹಾಕಿದ ಬಣ್ಣ ಮೊದಲು ಮಾಸುತ್ತದೆ. ಅದಕ್ಕಾಗಿ ನನ್ನ ಕೈಗೆ ಬಿಟ್ಟರೆ ತುಸು ಬೆಚ್ಚನೆಯ ಛಾಯೆಯನ್ನೇ ಇಟ್ಟುಕೊಳ್ಳುತ್ತೇನೆ: ಬಣ್ಣ ಕಡಿಮೆ ಖರ್ಚು, ವರ್ಷಗಳು ಕಳೆದಂತೆ ಬದಲಾಗುವುದೂ ಕಡಿಮೆ. ತಣ್ಣನೆಯ ನೀಲಿ ಛಾಯೆ ಬಯಸುವವರು ಹೆಚ್ಚು ಬಣ್ಣ ಹಾಕಿಸುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿ.

ಇದನ್ನೂ ದಾಟಿ ಹೋದವರಿದ್ದಾರೆ. ಅಮೆರಿಕದ ಜಾನ್ ಕೋನ್ ರೂಪಿಸಿದ ಪೀಝೋಗ್ರಫಿ ಪದ್ಧತಿಯಲ್ಲಿ ಪ್ರಿಂಟರಿನ ಬಣ್ಣದ ಕಾರ್ಟ್ರಿಜ್‌ಗಳನ್ನೆಲ್ಲ ತೆಗೆದು ಬೇರೆ ಬೇರೆ ಹಂತದ ಬೂದು ಇಂಕನ್ನೇ ತುಂಬುತ್ತಾರೆ. ಅವುಗಳನ್ನು ನಡೆಸಲು ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶ ಬಳಸುವವರು ಬಹಳ. ಬಿಳಿಯ ಹತ್ತಿರದ ಭಾಗಗಳು ಆ ಪದ್ಧತಿಯಲ್ಲಿ ಬಹಳ ನಯವಾಗಿ ಬರುತ್ತವೆ, ಚುಕ್ಕೆಯ ಸುಳಿವೇ ಸಿಗುವುದಿಲ್ಲ. ಆದರೆ ಒಂದು ಪ್ರಿಂಟರನ್ನು ಇದಕ್ಕೇ ಮೀಸಲಿಡಬೇಕು, ನಾಝಲ್ ಕಟ್ಟಿಕೊಂಡರೆ ನೀವೇ ಬಿಡಿಸಬೇಕು. ನೀವು ಈಗಲೇ ಅತ್ತ ಹೋಗುವುದು ಬೇಡ.

ನಿಮ್ಮ ಈಗಿನ ಪ್ರಿಂಟರಿನಲ್ಲೇ ಒಂದು ಪ್ರಯೋಗ ಮಾಡಬಹುದು: ಡ್ರೈವರಿನಲ್ಲಿ ಗ್ರೇಸ್ಕೇಲ್ ಅಥವಾ ಕಪ್ಪು ಇಂಕು ಮಾತ್ರ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ ನೋಡಿ. ಬಣ್ಣದ ಆಟ ತಗ್ಗುತ್ತದೆ. ತಿಳಿ ಭಾಗಗಳಲ್ಲಿ ಕಪ್ಪು ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಅದು ಇದರ ಬೆಲೆ. ಕಣ ಕಾಣುವ ಹಳೆಯ ಫಿಲ್ಮಿನ ಸ್ಕ್ಯಾನ್ ಆದರೆ ಆ ಚುಕ್ಕೆ ಕಣದ ಜೊತೆ ಬೆರೆತುಹೋಗುತ್ತದೆ; ಮಗುವಿನ ಕೆನ್ನೆಯಂಥ ನಯದ ಭಾಗವಿದ್ದರೆ ಮುಚ್ಚಿಡಲಾಗದು. ಕೆಲವು ಡ್ರೈವರುಗಳು ಗ್ರೇಸ್ಕೇಲ್ ಎಂದು ಹೇಳಿಯೂ ಒಳಗೊಳಗೆ ಬಣ್ಣವನ್ನೇ ಸುರಿಸುತ್ತವೆ. ಲೂಪ್ ಇದ್ದೇ ಇದೆಯಲ್ಲ, ನೋಡಿದರೆ ಗೊತ್ತಾಗುತ್ತದೆ.

ಪೇಪರಿಗೆ ಬರೋಣ. ಅಂಗಡಿಯ ಫೋಟೋ ಪೇಪರ್ ಸಾಮಾನ್ಯವಾಗಿ ಆರ್‌ಸಿ ಜಾತಿಯದು: ನಡುವೆ ಕಾಗದ, ಎರಡೂ ಬದಿಗೆ ಪಾಲಿಥಿಲೀನ್, ಅದರ ಮೇಲೆ ಇಂಕು ಹೀರುವ ಲೇಪನ. ಅಭ್ಯಾಸಕ್ಕೆ, ಆಲ್ಬಮ್ಮಿಗೆ ಇದು ಧಾರಾಳ ಸಾಕು. ಆ ಹೀರುವ ಲೇಪನದಲ್ಲೂ ಎರಡು ಪಂಗಡ. ಸೂಕ್ಷ್ಮ ರಂಧ್ರಗಳ ಮೈಕ್ರೋಪೋರಸ್ ಲೇಪನದಲ್ಲಿ ಸಿಲಿಕಾ ಅಥವಾ ಅಲ್ಯೂಮಿನಾ ಕಣಗಳಿದ್ದು, ಹಾಳೆ ಪ್ರಿಂಟರಿನಿಂದ ಹೊರಬರುವಷ್ಟರಲ್ಲಿ ಮುಟ್ಟಿದರೂ ಅಂಟದಷ್ಟು ಒಣಗಿರುತ್ತದೆ. ಉಬ್ಬುವ ಪಾಲಿಮರ್ ಲೇಪನ ನಿಧಾನವಾಗಿ ಒಣಗುತ್ತದೆ, ಒದ್ದೆ ಬೆರಳು ತಾಗಿದರೆ ಗುರುತು ಬೀಳುತ್ತದೆ, ಆದರೆ ಒಣಗಿದ ಮೇಲೆ ಡೈಯನ್ನು ತನ್ನೊಳಗೆ ಮುಚ್ಚಿಕೊಳ್ಳುತ್ತದೆ. ಡೈ ಇಂಕಿನವರಿಗೆ ಈ ವ್ಯತ್ಯಾಸ ಮುಖ್ಯ. ರಂಧ್ರಗಳ ಲೇಪನದಲ್ಲಿ ಗಾಳಿ ಓಡಾಡುತ್ತದೆ, ಗಾಳಿಯ ಓಝೋನ್ ಡೈಯನ್ನು ತಿನ್ನುತ್ತದೆ. ಬಿಸಿಲೇ ಬೀಳದ ಗೋಡೆಯ ಮೇಲೆ ತೆರೆದಿಟ್ಟ ಡೈ ಪ್ರಿಂಟು ತಿಂಗಳುಗಳಲ್ಲಿ ಬಣ್ಣಗೆಡುವುದು ಇದರಿಂದಲೇ. ಗಾಜಿನ ಫ್ರೇಮಿಗೆ ಹಾಕಿದರೆ ಅದೇ ಪ್ರಿಂಟು ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ಈಗ ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು ರಂಧ್ರದ ಲೇಪನದ್ದೇ, ಪಿಗ್ಮೆಂಟಿಗೆ ಅದೇ ಸರಿ.

ಡಾರ್ಕ್‌ರೂಮಿನಲ್ಲಿ ಕೈ ಕಪ್ಪು ಮಾಡಿಕೊಂಡವರು ಹುಡುಕುವುದು ಬರೈಟಾ. ಹಿಂದೆ ಬೆಳ್ಳಿಯ ಫೈಬರ್ ಪೇಪರಿನಲ್ಲಿ ಎಮಲ್ಷನ್ನಿನ (ಬೆಳಕಿಗೆ ಸ್ಪಂದಿಸುವ ಪದರದ) ಕೆಳಗೆ ಬೇರಿಯಂ ಸಲ್ಫೇಟಿನ ಒಂದು ಪದರ ಇರುತ್ತಿತ್ತು. ಬಿಳುಪೂ ನುಣುಪೂ ಅದರಿಂದ. ಇಂಕ್‌ಜೆಟ್ ಬರೈಟಾದಲ್ಲೂ ಅದೇ ಪದರ ಇದ್ದು ಮೇಲೆ ಇಂಕಿನ ಲೇಪನ ಬರುತ್ತದೆ. ಸ್ಕ್ಯಾನ್ ಮಾಡಿದ ಫಿಲ್ಮಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಕಪ್ಪು ಗಾಢ, ಹೊಳಪು ಕಣ್ಣಿಗೆ ಹೊಡೆಯುವಷ್ಟಲ್ಲ, ಪ್ಲಾಸ್ಟಿಕ್ಕಿನ ಮುಖಭಾವವೂ ಇಲ್ಲ. ಮಂಜು, ಮಳೆ, ಮೋಡದ ಬೆಳಕಿನ ಚಿತ್ರಗಳಿಗೆ ಮಾತ್ರ ಮ್ಯಾಟ್ ಕಾಟನ್ ಎತ್ತಿಡುತ್ತೇನೆ, ಅವುಗಳಲ್ಲಿ ಗಾಢ ಕಪ್ಪಿನ ಕೆಲಸವೇ ಕಡಿಮೆ. ರಾತ್ರಿಯ ಬೀದಿಯನ್ನು ಮ್ಯಾಟ್ ಮೇಲೆ ಪ್ರಿಂಟ್ ಮಾಡಿ ಕೊರಗುವುದರಲ್ಲಿ ಅರ್ಥವಿಲ್ಲ.

ಪೇಪರಿನ ಬಿಳುಪಿನ ಬಗ್ಗೆ ಸ್ವಲ್ಪ ಎಚ್ಚರ. ಕೆಲವು ಹಾಳೆ ನೀಲಿಮಿಶ್ರಿತವಾಗಿ ಫಳಫಳ ಹೊಳೆಯುವುದು ಓಬಿಎ ಎಂಬ, ಬಿಳುಪು ಹೆಚ್ಚಿಸುವ ರಾಸಾಯನಿಕದಿಂದ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ನುಂಗಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ವರ್ಷಗಳು ಹೋದಂತೆ ಅದರ ಶಕ್ತಿ ಕುಂದುತ್ತದೆ, ಆಗ ಹಾಳೆ ಹಳದಿಯಾದಂತೆ ಕಾಣುತ್ತದೆ. ನಿಮ್ಮ ಚಿತ್ರದ ಬಿಳಿ ಎಲ್ಲ ಪೇಪರಿನ ಬಿಳಿಯೇ ಆದ್ದರಿಂದ ಹೊಡೆತ ನೇರ. ‘ನೂರಕ್ಕೆ ನೂರು ಕಾಟನ್’ ಎಂದು ಬರೆದಿದ್ದ ಮಾತ್ರಕ್ಕೆ ಓಬಿಎ ಇಲ್ಲವೆಂದು ಅರ್ಥವಲ್ಲ, ಲೇಪನದಲ್ಲಿ ಬೆರೆಸಿರಬಹುದು. ಕತ್ತಲ ಕೋಣೆಯಲ್ಲಿ ಯುವಿ ಟಾರ್ಚ್ ಹಿಡಿದರೆ ಓಬಿಎ ಇರುವ ಹಾಳೆ ನೀಲಿಯಾಗಿ ಉರಿದಂತೆ ಕಾಣುತ್ತದೆ, ಇಲ್ಲದ್ದು ಮಂಕಾಗಿ ಉಳಿಯುತ್ತದೆ. ಕ್ಯಾನ್ಸನ್‌ನ ಪ್ಲಾಟಿನ್ ಫೈಬರ್ ರ‍್ಯಾಗ್ ಓಬಿಎ ಇಲ್ಲದ, ಹೊಳಪಿನ ಕಾಟನ್ ಪೇಪರಿಗೆ ಒಂದು ಉದಾಹರಣೆ. ಗ್ಲಾಸಿಯಷ್ಟು ಬಿಳುಪು ಇರುವುದಿಲ್ಲ. ಪಕ್ಕದಲ್ಲಿ ಬೇರೆ ಹಾಳೆ ಇಟ್ಟು ಹೋಲಿಸದಿದ್ದರೆ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ.

ಕಾಟನ್ ಪೇಪರಿನ ಒಂದು ಕಿರಿಕಿರಿ: ಅಂಚಿನಲ್ಲಿ, ಮೈಮೇಲೆ ಸಡಿಲವಾದ ನಾರು-ಧೂಳು ಇರುತ್ತದೆ. ಇಂಕು ಅದರ ಮೇಲೆ ಬಿದ್ದು, ಆಮೇಲೆ ಆ ಧೂಳು ಉದುರಿದರೆ ಕಪ್ಪಿನ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ಪ್ರಿಂಟರಿಗೆ ಹಾಕುವ ಮೊದಲು ಮೆತ್ತನೆಯ ಅಗಲ ಬ್ರಷ್ಷಿನಿಂದ ಹಾಳೆಯನ್ನು ಒರೆಸಿ. ಪ್ರಿಂಟರ್ ಮೇಲೆ ಹಿಡಿದು ಒರೆಸಬೇಡಿ, ಆ ಧೂಳು ನೇರವಾಗಿ ಹೆಡ್ಡಿಗೆ ಹೋಗುತ್ತದೆ.

ಪಿಗ್ಮೆಂಟಿಗೆ ಹೋದರೆ ಗ್ಲಾಸಿಯಲ್ಲಿ ಹೊಸ ಎರಡು ತಲೆನೋವು ಎದುರಾಗುತ್ತವೆ. ಹಾಳೆಯನ್ನು ಓರೆಯಾಗಿ ಹಿಡಿದಾಗ ಕಪ್ಪು ಭಾಗದಲ್ಲಿ ತಾಮ್ರದ ಮಿನುಗು ಕಾಣುವುದು ಬ್ರಾಂಝಿಂಗ್. ಇಂಕು ಬಿದ್ದ ಕಡೆ ಒಂದು ಹೊಳಪು, ಇಂಕು ಬೀಳದ ಬಿಳಿಯಲ್ಲಿ ಇನ್ನೊಂದು ಹೊಳಪು ಇರುವುದು ಗ್ಲಾಸ್ ಡಿಫರೆನ್ಷಿಯಲ್. ಎರಡಕ್ಕೂ ಕಾರಣ ಕಣಗಳು ಮೇಲೆಯೇ ಕುಳಿತಿರುವುದು. ಕ್ಯಾನನ್ ಇದಕ್ಕೆಂದೇ ಕ್ರೋಮಾ ಆಪ್ಟಿಮೈಜರ್ ಎಂಬ ಬಣ್ಣವಿಲ್ಲದ ದ್ರವವನ್ನು ಪ್ರತ್ಯೇಕ ಕಾರ್ಟ್ರಿಜ್ ಆಗಿ ಕೊಡುತ್ತದೆ. ಎಪ್ಸನ್‌ನ ಹೊಸ ಮಾದರಿಗಳಲ್ಲಿ ಗಾಢ ಭಾಗದ ಮೇಲೆ ತಿಳಿಬೂದು ಇಂಕನ್ನು ಹೊದಿಸಿ ಕಪ್ಪನ್ನು ಇನ್ನಷ್ಟು ಆಳ ಮಾಡುವ ಆಯ್ಕೆ ಇದೆ. ಇವೆರಡೂ ಇಲ್ಲದಿದ್ದರೆ ಪೂರ್ತಿ ಗ್ಲಾಸಿ ಬಿಟ್ಟು ಲಸ್ಟರ್ (ಅರೆಹೊಳಪಿನ ಪೇಪರ್) ಅಥವಾ ಬರೈಟಾ ಹಿಡಿಯಿರಿ. ದೋಷ ಬಹುಪಾಲು ಅಡಗುತ್ತದೆ.

ಈಗ ಸ್ಪ್ರೇ. ಪ್ರಿಂಟಿನ ಮೇಲೆ ಹೊಡೆಯುವ ಲ್ಯಾಕರ್ ಸ್ಪ್ರೇ ಮಾಡುವ ಕೆಲಸ ಮೂರು: ಗೀರು ಬೀಳದಂತೆ ತಡೆ, ಗಾಳಿ-ತೇವದಿಂದ ಒಂದಿಷ್ಟು ರಕ್ಷಣೆ, ನೇರಳಾತೀತ ಕಿರಣಕ್ಕೆ ಒಂದಿಷ್ಟು ಅಡ್ಡಿ. ಮ್ಯಾಟ್ ಪೇಪರಿನಲ್ಲಿ ಕಪ್ಪು ಸ್ವಲ್ಪ ಇಳಿದು ಗಾಢವಾಗುವುದೂ ನಿಜ, ಆದರೆ 1.2 ಇದ್ದದ್ದನ್ನು ಅದು ಬರೈಟಾ ಮಾಡುವುದಿಲ್ಲ. ಹೆಚ್ಚು ಹೊಡೆದರೆ ಮ್ಯಾಟ್ ತನ್ನ ಮ್ಯಾಟ್‌ತನವನ್ನೇ ಕಳೆದುಕೊಂಡು ಎಣ್ಣೆ ತಾಗಿದ ಹಾಗೆ ಕಾಣುತ್ತದೆ. ಗಾಜಿನ ಹಿಂದೆ ಹೋಗುವ ಪ್ರಿಂಟಿಗೆ ನಾನು ಸ್ಪ್ರೇ ಹೊಡೆಯುವುದಿಲ್ಲ. ಗಾಜಿಲ್ಲದೆ ತೂಗುವ, ಕೈಯಿಂದ ಕೈಗೆ ಹೋಗುವ, ಪೋರ್ಟ್‌ಫೋಲಿಯೋದಲ್ಲಿ ಒಂದರ ಮೇಲೊಂದು ಉಜ್ಜುವ ಮ್ಯಾಟ್ ಪ್ರಿಂಟುಗಳಿಗೆ ಮಾತ್ರ ಅದು ನಿಜವಾಗಿ ಉಪಯೋಗ, ಏಕೆಂದರೆ ಮ್ಯಾಟ್ ಬ್ಲ್ಯಾಕ್ ಉಗುರು ತಾಗಿದರೂ ಗುರುತು ಹಿಡಿಯುತ್ತದೆ. ಹೊಡೆಯುವುದಾದರೆ ಪ್ರಿಂಟು ಒಂದು ದಿನವಾದರೂ ಒಣಗಿರಲಿ, ಗಾಳಿಯಲ್ಲಿ ತೇವ ಕಡಿಮೆ ಇರುವ ದಿನ ಆರಿಸಿ. ತೇವದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ತೆಳುವಾಗಿ, ಒಮ್ಮೆ ಅಡ್ಡ, ಒಮ್ಮೆ ಉದ್ದ. ಬಾಗಿಲು ಕಿಟಕಿ ತೆರೆದಿರಲಿ, ದ್ರಾವಕದ ಆವಿ ತಡೆಯುವ ಮಾಸ್ಕ್ ಇರಲಿ. ನೀರಿನ ಆಧಾರದ ವಾರ್ನಿಶ್ಶನ್ನು ಬ್ರಷ್ಷಿನಿಂದ ಡೈ ಪ್ರಿಂಟಿಗೆ ಮಾತ್ರ ಬಳಿಯಬೇಡಿ, ಚಿತ್ರ ಕಣ್ಣೆದುರೇ ಹರಿದುಹೋಗುತ್ತದೆ.

ಫ್ರೇಮಿಗೆ ಹಾಕುವವರಿಗೆ ಒಂದು ಮಾತು. ಇಂಕಿನಲ್ಲಿ ಗ್ಲೈಕಾಲ್‌ನಂಥ ನಿಧಾನವಾಗಿ ಆವಿಯಾಗುವ ದ್ರವಗಳಿರುತ್ತವೆ. ಮುಟ್ಟಿದರೆ ಒಣಗಿದೆ ಅನಿಸಿದರೂ ಅವು ಇನ್ನೂ ಹೊರಬರುತ್ತಿರುತ್ತವೆ. ಅವಸರಕ್ಕೆ ಗಾಜಿನ ಹಿಂದೆ ಮುಚ್ಚಿದರೆ ಕೆಲವು ವಾರಗಳಲ್ಲಿ ಗಾಜಿನ ಒಳಬದಿಗೆ ಮಂಜು ಕೂರುತ್ತದೆ, ಅದೂ ಗಾಢ ಭಾಗದ ಆಕಾರದಲ್ಲಿಯೇ. ಪ್ರಿಂಟಿನ ಮೇಲೆ ಸಾದಾ ಬಿಳಿ ಕಾಗದ ಹೊದಿಸಿ ಒಂದು ದಿನ ಇಡಿ, ಕಾಗದ ಅಲೆಅಲೆಯಾಗಿ ಏಳುವುದು ನಿಂತಿಲ್ಲವೆಂದರೆ ಕಾಗದ ಬದಲಿಸಿ ಇನ್ನೊಂದು ದಿನ.

ಇನ್ನು ಪರೀಕ್ಷೆ. ಚಿತ್ರಕ್ಕಿಂತ ಮೊದಲು 0ಯಿಂದ 100ರವರೆಗೆ ಐದೈದು ಶೇಕಡಾ ಏರುವ 21 ಚೌಕಗಳ ಪಟ್ಟಿಯನ್ನು ಪ್ರಿಂಟ್ ಮಾಡಿ. ಒಣಗಿದ ಮೇಲೆ ಗಾಢ ತುದಿ ನೋಡಿ: 90, 95, 100 ಬೇರೆ ಬೇರೆಯಾಗಿ ಕಾಣುತ್ತಿವೆಯೆ? ತಿಳಿ ತುದಿಯಲ್ಲಿ 5 ಪೇಪರಿನಿಂದ ಬಿಡಿಸಿ ಕಾಣುತ್ತಿದೆಯೆ? ನಡುವೆ ಎಲ್ಲಾದರೂ ಛಾಯೆ ಒಮ್ಮೆಲೆ ತಿರುಗಿದೆಯೆ? ಈ ಪಟ್ಟಿಯನ್ನು ಕಿಟಕಿಯ ಬಳಿ ಒಮ್ಮೆ, ಚಿತ್ರ ತೂಗಲಿರುವ ಗೋಡೆಯ ದೀಪದಡಿ ಒಮ್ಮೆ ನೋಡಿ. ಗಾಢ ಮೂರು ಚೌಕ ಕೂಡಿಕೊಂಡಿದ್ದರೆ ಮೀಡಿಯಾ ಟೈಪ್ ಬದಲಿಸಿ, ಡ್ರೈವರಿನಲ್ಲಿ ಇಂಕಿನ ಸಾಂದ್ರತೆಯನ್ನು ಐದೈದು ಶೇಕಡಾದಂತೆ ತಗ್ಗಿಸಿ ಮತ್ತೆ ಪ್ರಿಂಟ್ ತೆಗೆಯಿರಿ. ಪೇಪರ್ ತಯಾರಕರು ನಿಮ್ಮ ಪ್ರಿಂಟರಿಗೆ ಕೊಡುವ ಐಸಿಸಿ ಪ್ರೊಫೈಲ್ (ಆ ಪೇಪರಿನಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಕಡತ) ಇದ್ದರೆ ಫೋಟೋ ತಂತ್ರಾಂಶದಲ್ಲಿ ಸಾಫ್ಟ್ ಪ್ರೂಫ್ ಹಾಕಿ ಪರದೆಯ ಮೇಲೇ ಕಪ್ಪು ಎಷ್ಟು ಕುಗ್ಗುತ್ತದೆ ಎಂದು ನೋಡಬಹುದು. ಮ್ಯಾಟ್‌ಗೆ ಹಾಕಿದೊಡನೆ ಚಿತ್ರ ಪೇಲವವಾಗಿ ಕಾಣುತ್ತದೆ, ಗಾಬರಿ ಬೇಡ. ನೆರಳಿನ ಭಾಗವನ್ನು ಸ್ವಲ್ಪ ತೆರೆದು, ನಡುಬೂದುಗಳ ಕಾಂಟ್ರಾಸ್ಟ್ ಹೆಚ್ಚಿಸಿ.

ಒಟ್ಟಿನಲ್ಲಿ ನೀವು ಮಾಡಬೇಕಾದ್ದು: ಕಾಟನ್ ಹಾಳೆಯ ಬದಿ ಮತ್ತು ಮೀಡಿಯಾ ಟೈಪ್ ಪರೀಕ್ಷಿಸಿ, ಪಟ್ಟಿ ಪ್ರಿಂಟ್ ಮಾಡಿ. ಡೈ ಪ್ರಿಂಟರನ್ನು ಲಸ್ಟರ್ ಆರ್‌ಸಿ ಪೇಪರಿಗೆ, ಆಲ್ಬಮ್ ಕೆಲಸಕ್ಕೆ ಇಟ್ಟುಕೊಳ್ಳಿ. ಪಿಗ್ಮೆಂಟ್ ಪ್ರಿಂಟರ್ ಕೊಳ್ಳುವ ಮನಸ್ಸಾದರೆ ಕಪ್ಪಿನ ಜೊತೆ ಕನಿಷ್ಠ ಒಂದು ಬೂದು ಇಂಕು, ಸಾಧ್ಯವಾದರೆ ಎರಡು ಇರುವುದನ್ನೇ ನೋಡಿ, ಮತ್ತು ವಾರಕ್ಕೊಮ್ಮೆಯಾದರೂ ಏನಾದರೊಂದು ಪ್ರಿಂಟ್ ಮಾಡುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತಿಂಗಳುಗಟ್ಟಲೆ ಸುಮ್ಮನಿಟ್ಟರೆ ಪಿಗ್ಮೆಂಟ್ ನಾಝಲ್‌ನಲ್ಲಿ ಒಣಗಿ ಕೂರುತ್ತದೆ. ಪೇಪರಿನ ದೊಡ್ಡ ಪೊಟ್ಟಣ ಒಮ್ಮೆಗೇ ತರಬೇಡಿ. ಹಲವು ತಯಾರಕರು ನಾಲ್ಕೈದು ಬಗೆಯ ಎರಡೆರಡು ಹಾಳೆಗಳ ಮಾದರಿ ಪೊಟ್ಟಣ ಮಾರುತ್ತಾರೆ. ಒಂದೇ ನೆಗೆಟಿವನ್ನು ಅವೆಲ್ಲದರ ಮೇಲೂ ತೆಗೆದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಪೇಪರಿನ ಹೆಸರು, ಮೀಡಿಯಾ ಟೈಪ್, ಇಂಕಿನ ಸಾಂದ್ರತೆ ಬರೆದಿಡಿ.